ಮೊದಲ ಹಾಲು

ನಮ್ಮ ಹಟ್ಟಿಯಲ್ಲಿ ದನ ಕರು ಹಾಕಿದರೆ ಅತ್ತೆಯ ಗದ್ದಲ ನೋಡಬೇಕು. ಕರುವಿನ ಬಾಯಿಗೆ ಮೊದಲ ಹಾಲು ಬೀಳುವ ತನಕ ಚೆಂಬು ಹಿಡಿದು ಹತ್ತಿರ ಹೋದವರಿಗೆ ಬೈಗುಳವೇ ಗತಿ. "ಅದು ಕುಡಿಯದೆ ನಿಮಗೆಂತ ಗಿಣ್ಣು?" ಎನ್ನುತ್ತಿದ್ದರು. ಅದೇ ಅತ್ತೆ, ನಾನು ಹೆತ್ತಾಗ, ನನ್ನ ಎದೆಯ ಹಳದಿ ಹಾಲನ್ನು ಲೋಟಕ್ಕೆ ಹಿಂಡಿಸಿ ಆಸ್ಪತ್ರೆಯ ಬಚ್ಚಲಿಗೆ ಚೆಲ್ಲಿದರು.

ಹೆಣ್ಣು ಮಗು. ತಿಂಗಳು ತುಂಬುವ ಮೊದಲೇ ಹೊಟ್ಟೆ ಕೊಯ್ದು ತೆಗೆದದ್ದು. ತೂಕ ಕಡಿಮೆಯಿದ್ದರೂ ಅಳುವಿಗೇನೂ ಕಡಿಮೆ ಇರಲಿಲ್ಲ. ಈಗಲೇ ಎದೆಗೆ ಹಾಕಿಕೊಳ್ಳಿ, ಬೇರೆ ಒಂದು ತೊಟ್ಟೂ ಕೊಡಬೇಡಿ ಎಂದು ನರ್ಸ್ ಮಲಯಾಳದಲ್ಲಿ ಹೇಳಿದಳು. ಅತ್ತೆ ತಲೆಯಾಡಿಸಿದರು. ಅವಳು ಬಾಗಿಲು ದಾಟಿದ್ದೇ ತಡ, "ಆ ಹಾಲು ಕೀವಿನ ಹಾಗೆ ಉಂಟು. ಮಗುವಿಗೆ ಜೀರ್ಣ ಆಗುದಿಲ್ಲ. ನಾನು ನಾಲ್ಕು ಹೆತ್ತು ಸಾಕಿದವಳು" ಎಂದರು.

ಅಷ್ಟಕ್ಕೆ ಮುಗಿಯಲಿಲ್ಲ. ಬಾಯಿಗೆ ಮೊದಲು ಜೇನು ಮುಟ್ಟಿಸಿದವರ ಗುಣವೇ ಮಗುವಿಗೆ ಬರುತ್ತದಂತೆ. ಮಣ್ಣಾಂಗಟ್ಟಿ! ಹಾಗಾಗಿ ಬದಿಯಡ್ಕದಿಂದ ಗಂಡನ ದೊಡ್ಡಪ್ಪ ಬರಬೇಕಿತ್ತು. ಅವರು ನಿವೃತ್ತ ಹೆಡ್ಮಾಸ್ಟರು, ಊರಿಗೆಲ್ಲ ಮರ್ಯಾದಸ್ಥರು. ಅವರ ಬಸ್ಸು ಬರುವ ತನಕ ಮಗು ಹಸಿದು ಅತ್ತಿತು.

"ಸ್ವಲ್ಪ ಕೊಡ್ತೇನೆ ಅತ್ತೆ, ಅದರ ಗಂಟಲು ಒಣಗ್ತಾ ಉಂಟು."

"ನಿನಗೆಂತ ಗೊತ್ತು ಮಾರಾಯ್ತಿ? ಸುಮ್ಮನೆ ಮಲಗು."

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಏಳಲೂ ಆಗದವಳು ಯಾರ ಹತ್ತಿರ ಜಗಳಾಡುವುದು? ದುಬೈಯಲ್ಲಿದ್ದ ಗಂಡನಿಗೆ ಫೋನು ಮಾಡಿದೆ. "ಅಮ್ಮ ಹೇಳಿದ ಹಾಗೆ ಮಾಡು" ಎಂದ. ದೊಡ್ಡಪ್ಪ ಬಂದು ಚಿನ್ನದ ಉಂಗುರವನ್ನು ಜೇನಿಗೆ ಅದ್ದಿ ಮಗುವಿನ ನಾಲಿಗೆಗೆ ಮುಟ್ಟಿಸಿದರು. ಮನೆಗೆ ಬಂದ ಮೇಲೆ, ನನ್ನ ಹಾಲು ಸಾಲದೆಂದು, ನೀರು ಬೆರೆಸಿದ ದನದ ಹಾಲು ಶುರುವಾಯಿತು. ಜತೆಗೆ ಕಲ್ಲಿನಲ್ಲಿ ತೇದ ಬಜೆ.

ಒಂದು ಬೆಳಿಗ್ಗೆ ಮಗುವಿನ ಹೊಟ್ಟೆ ಬಿಗಿದು ಉಬ್ಬಿತ್ತು. ಹಸಿರಾಗಿ ಕಾರಿಕೊಂಡಿತು. ಎತ್ತಿಕೊಂಡು ಮಂಗಳೂರಿಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು:

"ನೋಡಿ, ಹುಟ್ಟಿದ ಮಗುವಿನ ಕರುಳು ಖಾಲಿ ಗದ್ದೆಯ ಹಾಗೆ. ಮೊದಲು ಯಾವುದು ಬಿತ್ತೋ ಅದು ಬೆಳೀತದೆ. ತಾಯಿಯ ಹಾಲಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಉಂಟು, ಅದಕ್ಕೆ ಬೇಕಾದ ಊಟವೂ ಉಂಟು. ಅದು ನೆಲೆ ನಿಂತರೆ ಕೆಟ್ಟದ್ದಕ್ಕೆ ಜಾಗ ಸಿಗುದಿಲ್ಲ. ಇದರ ಕರುಳು ಕೊಳೀತಾ ಉಂಟು."

"ಆ ಹಾಲು ಚೆಲ್ಲಿದ್ದಕ್ಕೇ ಹೀಗಾಯಿತಾ?"

"ಅದೊಂದರಿಂದಲೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ತಿಂಗಳು ತುಂಬದ ಮಗು ಅಲ್ವಾ. ಕೊಟ್ಟಿದ್ದರೆ ಒಂದು ಕಾವಲು ಇರ್ತಿತ್ತು."

ಇರ್ತಿತ್ತು. ಆ ಒಂದು ಮಾತು ನನ್ನನ್ನು ಇವತ್ತಿಗೂ ತಿನ್ನುತ್ತದೆ. ಇಲ್ಲ ಎಂದಿದ್ದರೆ ಹಣೆಬರಹ ಎನ್ನಬಹುದಿತ್ತು, ಹೌದು ಎಂದಿದ್ದರೆ ಅತ್ತೆಯ ಜುಟ್ಟು ಹಿಡಿಯಬಹುದಿತ್ತು. ಎರಡಕ್ಕೂ ದಾರಿ ಇಲ್ಲ.

ಮರುದಿನ ಮಧ್ಯಾಹ್ನ ಮಗು ಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ.

ಮನೆಗೆ ಬಂದರೆ ನನ್ನ ಎದೆ ಕಲ್ಲಾಗಿತ್ತು. ಸಾಲದು, ಸಾಲದು ಎಂದು ಎಲ್ಲರೂ ಹೇಳಿದ ಹಾಲು ರವಿಕೆ ತೋಯಿಸಿ ಸೀರೆಗೆ ಇಳಿಯುತ್ತಿತ್ತು. ಅದನ್ನು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುವುದು ನಮ್ಮ ಕಡೆಯ ಕ್ರಮ. ಅತ್ತೆ ಪೇಟೆಯಿಂದ ಹೂ ತರಿಸಿದರು. ನನ್ನ ಎದೆಯ ಮೇಲೆ ಹರಡಿ, ಹಳೆಯ ಪಂಚೆ ಸುತ್ತಿದರು. ಸುತ್ತುತ್ತಾ ಅಳುತ್ತಿದ್ದರು. ಬಾಯಿಗೆ ಬಂದ ಹಾಗೆ ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಬೈದರೆ ಯಾರು ಎದ್ದು ಬರುತ್ತಾರೆ?

"ಗಟ್ಟಿ ಕಟ್ಟಿ ಅತ್ತೆ" ಎಂದೆ. "ಇನ್ನು ಅದು ಯಾರಿಗೆ ಬೇಕು?"