ಭಂಡಾರ ಮೆತ್ತಿದ ಫ್ಲಾಪಿ

ನಾನು ಮೊದಲಿನಿಂದಲೂ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವಳು. ಅಂಥವಳ ಕೈಗೆ ರಾಯಬಾಗದ ಟೈಪಿಂಗ್ ಕ್ಲಾಸಿನವರು ತೊಂಬತ್ತರ ದಶಕದ ಕೊನೆಯಲ್ಲಿ ಹೊಸ ಕಂಪ್ಯೂಟರ್ ಕೊಟ್ಟರು.

ದಿನವೂ ಬೆಳಿಗ್ಗೆ ಕಣ್ಣು ಕಾಣದ ಒಬ್ಬ ನಿವೃತ್ತ ಮಾಸ್ತರರು ಬರುತ್ತಿದ್ದರು. ಅವರ ತಾಯಿ ಜೋಳ ಬೀಸುತ್ತ ಹಾಡುತ್ತಿದ್ದ ಪದಗಳನ್ನು ಅವರು ಹೇಳುವುದು, ನಾನು ಟೈಪ್ ಮಾಡುವುದು. ಮರೆವು ಹೆಚ್ಚಾಗುತ್ತಿದೆ, ಪೂರ್ತಿ ಮರೆಯುವುದರೊಳಗೆ ಮುಗಿಸಬೇಕು ಎನ್ನುತ್ತಿದ್ದರು. ಎರಡು ತಿಂಗಳ ಪದಗಳೆಲ್ಲ ಆ ಯಂತ್ರದೊಳಗೇ ಇದ್ದವು. ಕಾಗದದ ಮೇಲೆ ಒಂದು ಸಾಲೂ ಇಳಿದಿರಲಿಲ್ಲ.

ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಮರುದಿನ ಕಂಪ್ಯೂಟರ್ ಶುರುವಾಗಲಿಲ್ಲ. ವಿಂಡೋಸಿನ ಮೋಡದ ಚಿತ್ರ ಬಂದು ಅಲ್ಲೇ ನಿಂತುಬಿಟ್ಟಿತು. ಇಂಥ ಹೊತ್ತಿಗೆಂದೇ ನಿಪ್ಪಾಣಿಯ ಮೆಕ್ಯಾನಿಕ್ ಯಂತ್ರ ಶುರು ಮಾಡುವ ಒಂದು ಫ್ಲಾಪಿ ಮಾಡಿಕೊಟ್ಟಿದ್ದ. ಹಾಕಿದೆ. ಕರಕರ ಸದ್ದಾಯಿತೇ ಹೊರತು ಓದಲಿಲ್ಲ. ತೆಗೆದು ನೋಡಿದರೆ ಮುಚ್ಚಳದ ಸಂದಿಯಲ್ಲೆಲ್ಲ ಅರಿಶಿನ, ದೇವಿಯ ಭಂಡಾರ. ಚಿಂಚಲಿ ಮಾಯವ್ವನ ಭಂಡಾರವನ್ನು ಕಂಪ್ಯೂಟರಿಗೆ ಹಚ್ಚಬೇಡಿ ಎಂದು ಪೂಜೆಯ ದಿನ ಎಲ್ಲರನ್ನೂ ಗದರಿದ ಜಾಣೆ ನಾನೇ. ಯಂತ್ರವನ್ನು ಕಾಯುವುದು ಈ ಫ್ಲಾಪಿಯೇ ಅಲ್ಲವೇ ಎಂದು ಅದರ ಮುಚ್ಚಳ ಸರಿಸಿ ಚಿಟಿಕೆ ಭಂಡಾರ ಉದುರಿಸಿದವಳೂ ನಾನೇ.

ಊದಿ, ಒರೆಸಿ ಮತ್ತೆ ಹಾಕಿದೆ. ಮತ್ತೆ ಅದೇ ಕರಕರ.

"ಯಾಕ ತಂಗಿ, ಟಕಟಕ ಸಪ್ಪಳಾನ ಇಲ್ಲಲಾ?" ಎಂದರು ಪಕ್ಕದಲ್ಲಿ ಕುಳಿತಿದ್ದ ಮಾಸ್ತರರು.

"ಚಾಲೂ ಆಗಾಕತ್ತೈತ್ರಿ," ಎಂದು ಸುಳ್ಳು ಹೇಳಿದೆ.

ಉಳಿದದ್ದು ಒಂದೇ ದಾರಿ. ಶುರುವಾಗುವಾಗ ಎಫ್-ಎಂಟು ಕೀಲಿ ಒತ್ತಿದರೆ ಬೇರೆ ರೀತಿಯಲ್ಲಿ ಶುರು ಮಾಡುವ ಒಂದು ಪಟ್ಟಿ ಬರುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಎರಡು ಸಲ ತಡವಾಗಿ ಒತ್ತಿದೆ. ಮತ್ತೆ ಅದೇ ಮೋಡ. ಮೂರನೆಯ ಸಲ ಬಿಡದೆ ಒತ್ತುತ್ತಲೇ ಇದ್ದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಮೂಡಿದವು. ತಪ್ಪು ಅಂಕಿ ಒತ್ತಿ ಎಲ್ಲ ಅಳಿಸಿಹೋದರೆ? ಮೂರನೆಯ ಸಾಲಿನಲ್ಲಿ 'ಸೇಫ್' ಎಂದಿತ್ತು. ಆ ಒಂದು ಮಾತನ್ನು ನಂಬಿ ಒತ್ತಿದೆ.

ಪರದೆ ಬಂತು, ಎಲ್ಲವೂ ದಪ್ಪ ದಪ್ಪ, ಮಂಕು ಬಣ್ಣ. ಪದಗಳು ಇದ್ದವು. ಅವನ್ನು ಹೊಸ ಫ್ಲಾಪಿಗೆ ಇಳಿಸಿಕೊಂಡ ಮೇಲೆಯೇ ಉಸಿರು ಬಿಟ್ಟೆ.

ತಿರುಗಿ ನೋಡಿದರೆ ಮಾಸ್ತರರ ತುಟಿ ಅಲುಗುತ್ತಿತ್ತು.

"ನೀ ಅಂಜಿದ್ದು ತಿಳೀತು ತಂಗಿ. ಮತ್ತ ಮೊದಲಿಂದ ಬರಸೂನು ಅಂತ ಮನಸಿನ್ಯಾಗ ಅಂದ್ಕೋತ ಕುಂತಿದ್ದೆ. ಮೂರನೇ ಪದಾ ನೆನಪಾಗವಲ್ದು. ಉಳದೈತೇನು?"

"ಐತ್ರಿ."

"ಓದು."

ಓದಿದೆ. ಅವರು ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದರು.

"ಛಲೋ ಐತಿ," ಎಂದರು. ಆಮೇಲೆ ನನ್ನತ್ತ ತಿರುಗಿ ಕೇಳಿದರು, "ಇದು ನಾ ಹೇಳಿದ್ದೇನು?"