ಕಣ್ಣಿಗೆ ಬೀಳದ ಸ್ಟಾಪು

ಅವನ ಕಣ್ಣಲ್ಲಿ ಯಾವ ದೋಷವೂ ಇರಲಿಲ್ಲ. ಡಾಕ್ಟರು ಗೋಡೆಯ ಮೇಲಿನ ಸಾಸಿವೆಕಾಳಿನಂಥ ಅಕ್ಷರಗಳನ್ನೂ ಓದಿಸಿ, "ನನಗಿಂತ ನೀವೇ ವಾಸಿ" ಎಂದು ಕಳಿಸಿದ್ದರು. ಆದರೂ ಹೊಸ ಸ್ಟಾಪು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಮದುವೆಗೆ ಮುಂಚಿನಿಂದಲೂ ಅದೇ ರೂಟಿನಲ್ಲಿ ಬಸ್ಸು ಓಡಿಸಿದವನು ಅವನು. ಆಗ ಆಸ್ಪತ್ರೆಯ ಸ್ಟಾಪು ಸರ್ಕಲ್ಲು ದಾಟಿದ ಮೇಲಿತ್ತು. ಈಗ ಅದನ್ನು ಸರ್ಕಲ್ಲಿಗೆ ಮೊದಲೇ, ಔಷಧಿ ಅಂಗಡಿಯ ಮುಂದೆ ತಂದಿಟ್ಟಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಅವನ ಕಣ್ಣು ತಾನಾಗಿಯೇ ಸರ್ಕಲ್ಲಿನಾಚೆ ಹೋಗಿ ಕೂತಿರುತ್ತಿತ್ತು. ಕೈಯೆತ್ತಿ ನಿಂತ ಜನ ಹಾಗೇ ಹಿಂದೆ ಉಳಿಯುತ್ತಿದ್ದರು. "ಇನ್ನೊಂದು ದೂರು ಬರಲಿ, ಸ್ಟೀರಿಂಗ್ ಬಿಡಿಸಿ ಬಸ್ಸು ತೊಳೆಯೋಕೆ ಹಾಕ್ತೀನಿ" ಎಂದರು ಡಿಪೋದ ಸಾಹೇಬರು.

ಕೊನೆಗೆ ಸ್ಟಾಪು ಬಂದಾಗ ಹೇಳೋಣವೆಂದು ಹೆಂಡತಿಯೇ ಬಂದು ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು.

"ಏನಕ್ಕಾ, ಅಣ್ಣನ್ನ ಕಾಯೋಕೆ ಬಂದ್ರಾ? ಬಸ್ ಬಿಟ್ಟು ಎಲ್ಲೂ ಓಡಿಹೋಗಲ್ಲ ಅವ್ರು" ಎಂದು ಕಂಡಕ್ಟರು ನಕ್ಕ.

"ನೀನು ಸರಿಯಾಗಿ ಸೀಟಿ ಊದಿದ್ರೆ ನಾನ್ಯಾಕಪ್ಪ ಬರ್ತಿದ್ದೆ?"

"ಈ ರಶ್ಶಲ್ಲಿ ನನಗೆ ಕಿಟಕಿನೇ ಕಾಣಲ್ಲ, ಇನ್ನು ಸ್ಟಾಪು!"

ಗಂಡನ ತಲೆಯ ಮೇಲಿನ ಕನ್ನಡಿಯಲ್ಲಿ ಅವಳಿಗೆ ಅವನ ಕಣ್ಣು ಕಾಣುತ್ತಿತ್ತು. ಔಷಧಿ ಅಂಗಡಿ ಹತ್ತಿರ ಬಂತು. ಕಣ್ಣು ಆಗಲೇ ಸರ್ಕಲ್ಲಿನಾಚೆ.

"ರೀ!" ಎಂದಳು.

ಮನೆಯಲ್ಲಿ ಅವಳು ಹಾಗೆ ಕರೆದಾಗಲೆಲ್ಲ ತಿರುಗಿ ನೋಡಿಯೇ ರೂಢಿ ಅವನಿಗೆ. ಈಗಲೂ ತಿರುಗಿದ. ಅಷ್ಟರಲ್ಲಿ ಒಬ್ಬ ಮುದುಕ ರಸ್ತೆಗೆ ಇಳಿದಿದ್ದ. ಜನ ಚೀರಿದರು. ಬ್ರೇಕು ಕಿರುಚಿ, ಮುದುಕನಿಗೆ ಒಂದು ಗೇಣು ಇರುವಾಗ ಬಸ್ಸು ನಿಂತಿತು.

ಅವನು ಎಂಜಿನ್ ಆಫ್ ಮಾಡಿದ. "ಯಾಕೆ ಕರೆದೆಯೇ?"

"ಕರೆದ್ರೆ ಹಿಂದೆ ತಿರುಗಿಬಿಡೋದಾ?"

"ಮತ್ತೆ? ಕರೆದೋಳು ನೀನಲ್ವಾ?"

ಕರೆದರೆ ರಸ್ತೆ ತಪ್ಪುತ್ತದೆ, ಕರೆಯದಿದ್ದರೆ ಸ್ಟಾಪು ತಪ್ಪುತ್ತದೆ. ಇಳಿದು ಮನೆಗೆ ಹೋಗದೆ ಅವಳು ಅಲ್ಲೇ ಕೂತಳು.

ಮುಂದಿನ ಟ್ರಿಪ್ಪಿನಲ್ಲಿ ಅವನು ರೆಪ್ಪೆ ಬಡಿಯದೆ ರಸ್ತೆಯನ್ನೇ ನೋಡುತ್ತಿದ್ದ. ಔಷಧಿ ಅಂಗಡಿಯ ಮುಂದೆ ಮಗು ಎತ್ತಿಕೊಂಡ ಒಬ್ಬಳು, ಪಕ್ಕದಲ್ಲಿ ಅವಳ ಗಂಡ, ಇಬ್ಬರೂ ಕೈಯೆತ್ತಿ ನಿಂತಿದ್ದರು. ಕನ್ನಡಿಯೊಳಗಿನ ಕಣ್ಣು ಅವರ ಮೇಲೆ ಹಾದು ಸರ್ಕಲ್ಲಿನಾಚೆ ಹೋಯಿತು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ಹಲ್ಲು ಕಚ್ಚಿ ನುಂಗಿದಳು. ಗಂಡಸು ಒಂದಷ್ಟು ದೂರ ಓಡಿಬಂದ. ಆಮೇಲೆ ನಿಂತು, ಫೋನು ಎತ್ತಿ ಬಸ್ಸಿನ ನಂಬರಿನ ಫೋಟೋ ತೆಗೆದ.

ಸರ್ಕಲ್ಲು ದಾಟಿದ ಮೇಲೆ ಅವನು ನಿಟ್ಟುಸಿರು ಬಿಟ್ಟ. "ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ ಕಣೇ. ಈ ಸಲ ಸ್ಟಾಪಲ್ಲಿ ಯಾರೂ ಇರ್ಲಿಲ್ಲ, ಅಲ್ವಾ?"

"ಹೂಂ" ಎಂದಳು ಅವಳು.