ಪ್ರಾನ್ಸ್ ತಾತನ ಕಂಬಳಿ

ಯುಗಾದಿ ಕಳೆದ ಮೂರನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಹೊಳೆನರಸೀಪುರದ ಹೇಮಾವತಿ ಹೊಳೆಯ ಮರಳು. ಇದ್ದವರು ನಮ್ಮ ಕೋಟೆ ಬೀದಿಯ ಹುಡುಗರು, ಅವರ ಮುಂದಾಳು ನನ್ನ ಅಣ್ಣ ಶಿವಣ್ಣ. ಎದುರಿಗೆ ಪೇಟೆ ಬೀದಿಯವರು, ಅವರ ಮುಂದಾಳು ಮಾದೇವ. ಹುಡುಗಿ ಅಂತ ಇದ್ದದ್ದು ನಾನೊಬ್ಬಳೇ. ನನಗೆ ಹತ್ತು ವರ್ಷ. ಲಂಗದ ಮಡಿಲಲ್ಲಿ ಕಲ್ಲು ತುಂಬಿಕೊಂಡು ಅಣ್ಣನ ಹಿಂದೆ ನಿಲ್ಲುವುದು ನನ್ನ ಕೆಲಸ.

ಆಗಿನ್ನೂ ಗೊರೂರಿನಲ್ಲಿ ಅಣೆಕಟ್ಟು ಇರಲಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿ, ದಡದಿಂದ ದಡಕ್ಕೆ ಮರಳೇ ಕಾಣುತ್ತಿತ್ತು. ನಡುವೆ ಈಜಲು ಆಗುವಂಥದ್ದು ಒಂದೇ ಮಡು. ಅದು ಯಾರದ್ದು ಎಂದು ಪ್ರತಿ ಭಾನುವಾರ ಕಲ್ಲಿನಲ್ಲೇ ತೀರ್ಮಾನ. ಗೆದ್ದವರಿಗೆ ವಾರವಿಡೀ ಮಡು; ಸೋತವರಿಗೆ ಮನೆಯ ಬಚ್ಚಲು. ತಲೆ ಒಡೆದರೆ ಗಾಯಕ್ಕೆ ಕಾಫಿಪುಡಿ ಮೆತ್ತಿ, ಮನೆಯಲ್ಲಿ ಮಾವಿನ ಮರದಿಂದ ಬಿದ್ದೆ ಎನ್ನಬೇಕು. ಅವ್ವನಿಗೆ ಎಲ್ಲ ಗೊತ್ತಿತ್ತು. ಸೌಟಿನಲ್ಲಿ ನಾಲ್ಕು ಬಿಗಿದು, ಆಮೇಲೆ ಬಿಸಿನೀರು ಕಾಯಿಸುತ್ತಿದ್ದಳು.

ಆ ಬೇಸಿಗೆ ನಮ್ಮ ಬೀದಿಯೇ ಗೆಲ್ಲುತ್ತಿತ್ತು. ನಮ್ಮ ಹತ್ತಿರ ಪ್ರಾನ್ಸ್ ಭಾಷೆ ಇತ್ತು.

ಭಾಷೆ ಕೊಟ್ಟವರು ಬೋರೇಗೌಡರು. ಊರೆಲ್ಲ ಅವರನ್ನು ಪ್ರಾನ್ಸ್ ತಾತ ಎಂದೇ ಕರೆಯುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸೇರಿ, ಬೊಂಬಾಯಿಯಲ್ಲಿ ಹಡಗು ಹತ್ತಿ ಫ್ರಾನ್ಸಿಗೆ ಹೋಗಿದ್ದರು. ವಾಪಸ್ಸು ಬಂದಮೇಲೆ ಹೊಳೆ ದಾರಿಯ ಜಗುಲಿಯ ಮೇಲೆ ಕೂತು ಜಟಕಾ ಕುದುರೆಗಳ ಲಗಾಮು, ಚಾವಟಿ ಹೊಲೆಯುತ್ತಿದ್ದರು. ಹಸಿ ತೊಗಲು ಮತ್ತು ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಫ್ರಾನ್ಸೇ ನೆನಪಾಗುವುದು.

ಒಂದು ಮಾವಿನಕಾಯಿಗೆ ಒಂದು ಮಾತು ಹೇಳಿಕೊಡುತ್ತಿದ್ದರು. ಅಲೇ ಅಂದರೆ ನಡಿ. ವಿತ್ ಅಂದರೆ ಬೇಗ. ದಲೋ ಅಂದರೆ ನೀರು. ಅತಾಂಸಿಯೋ ಅಂದರೆ ಹುಷಾರು. ಕಾಯಿ ಹುಳಿಯಾಗಿದ್ದರೆ ಆ ದೇಶದ ಒಂದು ಸಂಗತಿಯೂ ಸಿಗುತ್ತಿತ್ತು.

"ಕಾಪೀನ ಬಟ್ಲಲ್ಲಿ ಉಯ್ಕೋತಾರೆ ಕಣ್ಲಾ. ಇಟ್ಟಿಗೆ ಅಂಗಿರೋ ರೊಟ್ಟಿ ಅದ್ಕೊಂಡು ತಿಂತಾರೆ. ಯಾರಾದ್ರೂ ಬಂದ್ರೆ ಕೆನ್ನೆಗೆ ಮುತ್ತು ಕೊಡ್ತಾರೆ."

"ನಿಂಗೂ ಕೊಟ್ರಾ ತಾತ?" ಎಂದು ಅಣ್ಣ ಕೇಳಿದ.

"ಒಬ್ಳು ಮುದುಕಿ ಕೊಟ್ಳು. ನನ್ ಏಸರಗತ್ತೆಗೂ ಕೊಟ್ಳು. ಅದುಕ್ಕೇ ಎಲ್ಡು ಜಾಸ್ತಿ."

ನಾವು ಮನೆಗೆ ಹೋಗಿ, ಒಣಗಿದ ರಾಗಿ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ತಿಂದೆವು. ಯುದ್ಧದ ಬಗ್ಗೆ ಮಾತ್ರ ತಾತ ಏನನ್ನೂ ಹೇಳುತ್ತಿರಲಿಲ್ಲ. "ಕೆಸರು ಕಣ್ಲಾ, ಬರೀ ಕೆಸರು" ಎಂದು ದಾರ ಕಚ್ಚಿ ಕತ್ತರಿಸುತ್ತಿದ್ದರು.

ಕಲಿತ ಮಾತನ್ನೆಲ್ಲ ನಾವು ಮರಳಿಗೆ ಇಳಿಸಿದೆವು. ಅಣ್ಣ ಅಲೇ ಎಂದರೆ ನುಗ್ಗುವುದು, ಅತಾಂಸಿಯೋ ಎಂದರೆ ತಲೆ ತಗ್ಗಿಸುವುದು, ವಿತ್ ಎಂದರೆ ನಾನು ಕಲ್ಲು ಕೊಡುವುದು. ಪೇಟೆಯವರು ಒಂದೂ ತಿಳಿಯದೆ ಏಟು ತಿನ್ನುತ್ತಿದ್ದರು. ಅವತ್ತೂ ಅವರಲ್ಲಿ ಒಬ್ಬನ ಮೊಣಕೈ ಜಜ್ಜಿತ್ತು, ಇನ್ನೊಬ್ಬನ ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮಾದೇವ ಕವಣೆ ಕೆಳಗಿಟ್ಟು ಕೂಗಿದ.

"ಅದೇನ್ಲಾ ನೀವು ಬೊಗಳೋದು?"

"ಪ್ರಾನ್ಸ್ ಬಾಸೆ ಕಣ್ಲಾ. ನಿಮ್ಮಪ್ಪಂಗೂ ತಿಳಿಯಾಕಿಲ್ಲ, ಓಗು."

ಮಾದೇವನ ಅಪ್ಪ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಅಣ್ಣನಿಗೆ ಆ ಕ್ಷಣ ಅದು ನೆನಪಾಗಲಿಲ್ಲವೇನೋ. ಮಾದೇವ ಬಗ್ಗಿ, ದುಂಡುಕಲ್ಲುಗಳನ್ನು ಬಿಟ್ಟು, ಚೂಪಾದ ಒಂದು ಬಿಳಿಕಲ್ಲನ್ನು ಆರಿಸಿಕೊಂಡ. ಕವಣೆ ತಿರುಗುವ ಸದ್ದು ನನಗೆ ಕೇಳಿಸಿತು. ಅಣ್ಣ ಅಲೇ ಎಂದು ತಲೆ ಎತ್ತಿದ.

ಕಲ್ಲು ಎಡಗಣ್ಣಿಗೆ ಬಿತ್ತು. ಅಣ್ಣ ಕೂಗಲಿಲ್ಲ. ಎರಡು ಕೈಯನ್ನೂ ಮುಖಕ್ಕೆ ಒತ್ತಿಕೊಂಡು ಮಂಡಿಯೂರಿದ. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೂ ಇಳಿಯಿತು. ನಮ್ಮವರು ನಿಲ್ಲಲಿಲ್ಲ. ಅಲೇ, ಅಲೇ ಎಂದು ಅರಚುತ್ತ ಪೇಟೆಯವರ ಮೇಲೆ ಬಿದ್ದರು. ಕಲ್ಲು ಬಿಟ್ಟು ಕೈಕೈ ಮಿಲಾಯಿಸಿದರು. ಕೂದಲು ಹಿಡಿದು ಮರಳಿಗೆ ಮುಖ ಉಜ್ಜಿದರು. ನಾನೂ ಲಂಗದ ಮಡಿಲನ್ನು ಗಂಟು ಕಟ್ಟಿ, ನುಗ್ಗಿ ಒಬ್ಬನ ಕೈ ಕಚ್ಚಿದೆ. ಉಪ್ಪು ಮತ್ತು ಮರಳು ಬಾಯಿಗೆ ಬಂತು.

ಆಗ ಬೆನ್ನಿನ ಮೇಲೆ ಬೆಂಕಿ ಎಳೆದ ಹಾಗಾಯಿತು. ಪ್ರಾನ್ಸ್ ತಾತ ಚಾವಟಿ ಹಿಡಿದು ನಿಂತಿದ್ದರು. ನಮ್ಮ ಕೂಗು ಜಗುಲಿಯವರೆಗೂ ಹೋಗಿತ್ತು. ಯಾವ ಬೀದಿ ಎಂದು ನೋಡದೆ, ಗಂಡು ಹೆಣ್ಣು ಎಂದು ನೋಡದೆ, ಸಿಕ್ಕಸಿಕ್ಕವರಿಗೆ ಬಾರಿಸಿದರು.

"ಇದುಕ್ಕೇನ್ರಲಾ ನಾನು ಯೇಳ್ಕೊಟ್ಟಿದ್ದು? ಇದುಕ್ಕಾ?"

ಎಲ್ಲರೂ ದೂರ ಸರಿದ ಮೇಲೆ ಅಣ್ಣನ ಪಕ್ಕ ಕೂತು, ಮೆಲ್ಲಗೆ ಅವನ ಒಂದು ಬೆರಳೆತ್ತಿ ನೋಡಿದರು. ತಕ್ಷಣ ಆ ಬೆರಳನ್ನು ಮತ್ತೆ ಅಲ್ಲೇ ಇಟ್ಟರು.

"ಜಟಕಾ ತರ್ಲಾ ತಾತ?" ಎಂದು ಯಾರೋ ಕೇಳಿದರು.

"ಬ್ಯಾಡ. ಜಟಕಾ ಕುಲುಕ್ತದೆ. ಕುಲುಕಿದ್ರೆ ಕಣ್ಣು ಸೋರೋಯ್ತದೆ."

ಹೆಗಲ ಮೇಲಿದ್ದ ಕರಿಕಂಬಳಿಯನ್ನು ಮರಳಿನ ಮೇಲೆ ಹಾಸಿದರು. ಹೊಳೆಯಂಚಿನ ಸೌತೆ ಪಾತಿಯ ಬೇಲಿಯಿಂದ ಎರಡು ಬಿದಿರು ಗಳ ಕೀಳಿಸಿ, ಕಂಬಳಿಯ ಅಂಚನ್ನು ಅವಕ್ಕೆ ಸುತ್ತಿ, ತೊಗಲು ದಾರದಿಂದ ಬಿಗಿದರು. ಅಣ್ಣನನ್ನು ಮಲಗಿಸಿ, ಅಲ್ಲಾಡದ ಹಾಗೆ ತಲೆಯ ಎರಡೂ ಕಡೆ ಒದ್ದೆ ಮರಳಿನ ಗಂಟು ಇಟ್ಟರು. ಆಮೇಲೆ ಸುತ್ತ ನೋಡಿ, ನಮ್ಮವರಲ್ಲಿ ಇಬ್ಬರನ್ನು, ಅವರಲ್ಲಿ ಒಬ್ಬನನ್ನು ಕರೆದರು. ನಾಲ್ಕನೆಯವನಾಗಿ ಮಾದೇವನತ್ತ ಬೆರಳು ಮಾಡಿದರು.

"ನಾನಾ?" ಎಂದ ಮಾದೇವ. ಅವನ ತುಟಿ ಬಿಳಚಿಕೊಂಡಿತ್ತು.

"ನೀನೇ. ಒಡೆದೋನ್ಗೆ ಭಾರ ತಿಳೀಬೇಕು. ತಲೆ ಕಡೆ ಬಾ."

ನಾಲ್ವರೂ ಎತ್ತಿದರು. ಮಾದೇವ ಹೆದರಿ ಓಡಲು ಹೊರಟ, ಕಂಬಳಿ ಜಗ್ಗಿತು, ಅಣ್ಣ ಮೊದಲ ಸಲ ನರಳಿದ. ಆಗ ತಾತ ನಮಗೆ ಯಾವತ್ತೂ ಹೇಳಿಕೊಡದ ಒಂದು ಮಾತು ಆಡಿದರು.

"ದೂಸ್ಮಾ. ದೂಸ್ಮಾ ಕಣಪ್ಪಾ."

"ಅಂಗಂದ್ರೆ?" ಎಂದ ಮಾದೇವ, ಅಳುತ್ತ.

"ಮೆಲ್ಲಗೆ ಅಂತ. ಕೆಸರಲ್ಲಿ ಗಾಯದೋರ್ನ ಒರೋವಾಗ ಇದೊಂದೇ ಮಾತು ನಮ್ಗೆ ಬೇಕಾಯ್ತಿದ್ದದ್ದು."

ಸುಡುವ ಮರಳು ದಾಟಿ, ದಡ ಹತ್ತಿ, ಪೇಟೆ ಬೀದಿಯ ಅಂಗಡಿಗಳ ಮುಂದೆ ಆಸ್ಪತ್ರೆಯವರೆಗೆ ನಡೆದೆವು. ಒಬ್ಬನ ಹೆಜ್ಜೆ ತಪ್ಪಿದರೆ ಇನ್ನೊಬ್ಬ ಹೇಳುತ್ತಿದ್ದ, ದೂಸ್ಮಾ. ಜನ ಅಂಗಡಿ ಬಿಟ್ಟು ಇಳಿದು ನೋಡಿದರು. ಆಸ್ಪತ್ರೆಯಲ್ಲಿ ಡಾಕ್ಟರು ಅಣ್ಣನ ಕೈ ಬಿಡಿಸಿ, ಮರಳಿನ ಗಂಟು ನೋಡಿ, ಕಂಬಳಿ ನೋಡಿ, ಯಾರು ತಂದಿದ್ದು ಎಂದರು. ತಾತ ಹೊರಗೆ ಹೋಗಿ ಬೀಡಿ ಹಚ್ಚಿದರು. ಅವ್ವ ಓಡಿ ಬಂದವಳು ಮಾದೇವನ ಕೆನ್ನೆಗೆ ಎರಡೂ ಕೈಯಿಂದ ಹೊಡೆದಳು. ಅವನು ಮುಖ ಅಡ್ಡ ಹಿಡಿಯಲಿಲ್ಲ. ಅವಳಿಗೇ ಕೈ ಸೋತು, ಅವನ ಹೆಗಲಿಗೆ ಒರಗಿ ಅತ್ತಳು.

ಎಡಗಣ್ಣು ಹೋಯಿತು. ಬಲಗಣ್ಣೂ ಜೀವವೂ ಉಳಿದವು.

ಮರುವಾರದಿಂದ ಮರಳಿನಲ್ಲಿ ಯುದ್ಧ ನಡೆಯಲಿಲ್ಲ. ಮಡುವನ್ನು ಹಂಚಿಕೊಂಡೆವು ಎನ್ನುವುದಕ್ಕಿಂತ ಆ ಬೇಸಿಗೆ ಯಾರೂ ಅದಕ್ಕೆ ಇಳಿಯಲಿಲ್ಲ ಎನ್ನುವುದು ಸರಿ. ಅಣ್ಣ ಬೆಳೆದು ಸೈಕಲ್ ಶಾಪ್ ಇಟ್ಟ. ಒಂದೇ ಕಣ್ಣಿನಲ್ಲಿ ಚಕ್ರದ ಸೊಟ್ಟ ಹಿಡಿಯುತ್ತಿದ್ದ. ಮಾದೇವ ಪ್ರತಿ ಸಂಜೆ ಅಲ್ಲಿ ಬಂದು ಕೂರುತ್ತಿದ್ದ. "ಏನ್ಲಾ ಒಕ್ಕಣ್ಣ" ಎಂದು ಇವನು, "ಬಾರ್ಲಾ ಕೊಲೆಗಾರ" ಎಂದು ಅವನು. ನಾನು ನರ್ಸಾಗಿ, ವಾರ್ಡಿನ ಗಂಟೆಗೆ ತಕ್ಕಂತೆ ಆಯುಸ್ಸು ಕಳೆದೆ. ಸ್ಟ್ರೆಚರ್ ಕುಲುಕಿಸಿದ ಹುಡುಗರನ್ನು ಬೈದಷ್ಟು ನಾನು ಬೇರೆ ಯಾರನ್ನೂ ಬೈದಿಲ್ಲ.

ಹೋದ ವರ್ಷದ ಹಿಂದಿನ ವರ್ಷ ಅಣ್ಣ ತೀರಿಕೊಂಡ. ಚಟ್ಟ ಎತ್ತುವಾಗ ತಲೆಯ ಕಡೆ ಮಾದೇವ ಹೆಗಲು ಕೊಟ್ಟ. ಬೇಡ, ನಿಮಗೆ ವಯಸ್ಸಾಯಿತು ಎಂದು ಹುಡುಗರು ಅಂದರೂ ಬಿಡಲಿಲ್ಲ. ಮೆಟ್ಟಿಲಿಳಿಯುವಾಗ ಮುಂದಿನವರು ಅವಸರ ಮಾಡಿದರು. ಹಿಂದಿನಿಂದ ಅವನ ದನಿ ಬಂತು: "ದೂಸ್ಮಾ ಕಣ್ರಪ್ಪಾ." ಹುಡುಗರಿಗೆ ತಿಳಿಯಲಿಲ್ಲ. ನನಗೆ ಮಾತ್ರ ತಿಳಿಯಿತು.

ತಿಥಿ ಮುಗಿದ ಮೇಲೆ ಹಾಸನದ ಮನೆಗೆ ಬಂದು ಫ್ರೆಂಚ್ ಕಲಿಯಲು ಶುರುಮಾಡಿದೆ. ಐದಕ್ಕೆ ಏಳುವುದು, ಐದೂವರೆಗೆ ಫೋನಿನಲ್ಲಿ ಪಾಠ. ಮೊದಲ ದಿನವೇ ನಮಸ್ಕಾರ, ಹೇಗಿದ್ದೀರಿ, ದಯವಿಟ್ಟು ಬಂದವು. ಇವು ಯಾವುವೂ ತಾತನಿಗೆ ಗೊತ್ತಿರಲಿಲ್ಲ. ಅವರಿಗೆ ಇವನ್ನು ಹೇಳುವಷ್ಟು ಪುರುಸೊತ್ತು ಆ ದೇಶ ಕೊಟ್ಟಿರಲಿಲ್ಲ. ಹೋದ ವರ್ಷ ನಿವೃತ್ತ ನರ್ಸುಗಳ ಗುಂಪಿನ ಜೊತೆ ಫ್ರಾನ್ಸಿಗೂ ಹೋಗಿಬಂದೆ. ಹೋಟೆಲಿನಲ್ಲಿ ಬಟ್ಟಲು ಕೇಳಿ, ಕಾಫಿ ಹುಯ್ದುಕೊಂಡು, ಗಟ್ಟಿ ರೊಟ್ಟಿ ಅದ್ದಿ ತಿಂದೆ. ಜೊತೆಯವರು ನಕ್ಕರು. ಬಡಿಸುವ ಹೆಂಗಸು ನಗಲಿಲ್ಲ. ತನ್ನ ಅಜ್ಜಿಯೂ ಹೀಗೇ ತಿನ್ನುತ್ತಿದ್ದಳು ಎಂದಳು. ಅಷ್ಟು ಫ್ರೆಂಚ್ ನನಗೆ ತಿಳಿಯಿತು. ಯಾರಿಗೆ ಹೇಳಲಿ? ಅಣ್ಣ ಇರಲಿಲ್ಲ.

ಆ ಮರಳು ಲಾರಿ ಹತ್ತಿ ಹೋಗಿದೆ. ಮಡುವಿನ ಜಾಗದಲ್ಲಿ ಜೊಂಡು ಬೆಳೆದಿದೆ. ತಾತನ ಜಗುಲಿ ಇಲ್ಲ. ಆ ಮಾತುಗಳನ್ನು ತಾತನ ಹಾಗೆ ಆಡುವವರು ಈಗ ನಾನು ಮತ್ತು ಮಾದೇವ.

ಆ ಭಾನುವಾರದ ಕೊನೆಯ ಕೆಲಸ ಒಂದು ಉಳಿದಿತ್ತು. ಬಿಸಿಲು ಇಳಿದ ಮೇಲೆ ತಾತ, ಮಾದೇವ, ನಾನು ಮೂವರೂ ಕಂಬಳಿಯನ್ನು ಹೊಳೆಗೆ ಒಯ್ದೆವು. ತಾತ ತುಳಿದರು, ಮಾದೇವ ಹಿಂಡಿದ, ನಾನು ನೀರು ಹುಯ್ದೆ. ಕೆಂಪು ಹೋಗಿ, ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಬಂಡೆಯ ಮೇಲೆ ಹರವಿದರೆ ಗಾಳಿ ಅಂಚನ್ನು ಎತ್ತುತ್ತಿತ್ತು. ಆಗ ನೋಡಿದೆ, ಬೆಳಗಿನ ಕಲ್ಲುಗಳು ಇನ್ನೂ ನನ್ನ ಲಂಗದ ಮಡಿಲಲ್ಲೇ ಗಂಟಾಗಿದ್ದವು. ಗಂಟು ಬಿಚ್ಚಿ, ಕಂಬಳಿಯ ನಾಲ್ಕು ಮೂಲೆಗೂ ಒಂದೊಂದು ಇಟ್ಟೆವು.